ಮೆತ್ತಗಿದ್ದೂ ಮೀನಿಗೆ ತುತ್ತಾಗದ ಹುಳು

ಬಸವನಹುಳುವನ್ನು ನೀವೆಲ್ಲ ನೋಡಿದ್ದೀರಿ. ಮುಟ್ಟಿದರೆ ಚಿಪ್ಪಿನೊಳಗೆ ಸೇರಿಕೊಳ್ಳುತ್ತದೆ. ಕಡಲಲ್ಲಿರುವ ಅದರ ಬಂಧು ಸೀ ಸ್ಲಗ್‌ಗೆ ಆ ಅನುಕೂಲವಿಲ್ಲ. ಮರಿಯಾಗಿದ್ದಾಗ ಪುಟ್ಟ ಚಿಪ್ಪಿರುತ್ತದೆ. ಬೆಳೆಯುತ್ತ ಕೆಲವು ಅದನ್ನು ಕಳಚಿಬಿಡುತ್ತವೆ, ಕೆಲವು ಮೈಯೊಳಗೆ ತೆಳು ಬಿಲ್ಲೆಯಾಗಿ ಉಳಿಸಿಕೊಳ್ಳುತ್ತವೆ. ಮೈ ಮೆತ್ತಗೆ, ನಡೆ ನಿಧಾನ, ಮೇಲಾಗಿ ಎಷ್ಟೋ ಜಾತಿಗಳಿಗೆ ಕಣ್ಣು ಕುಕ್ಕುವ ಬಣ್ಣ. ಆದರೂ ಮೀನುಗಳು ಇವುಗಳ ತಂಟೆಗೆ ಹೋಗುವುದು ಕಡಿಮೆ. ಯಾಕಿರಬಹುದು?

ಫಿಲಿಡಿಯಾ ವೆರಿಕೋಸಾ ಎಂಬ ಜಾತಿಯಿಂದ ಶುರುಮಾಡೋಣ. ಅದು ಬಿಡುವ ಲೋಳೆ ಮೀನು, ಸಿಗಡಿಗಳಂಥ ಜೀವಿಗಳನ್ನು ಕೊಲ್ಲುತ್ತದೆಂದು 1963ರಲ್ಲಿ ಆರ್. ಇ. ಜೊಹಾನ್ಸ್ ಬರೆದರು. (ಅಕ್ವೇರಿಯಂ ಇಟ್ಟವರು ಇದನ್ನು ಮರೆಯದಿರುವುದು ಒಳ್ಳೆಯದು.) 1975ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಪಾಲ್ ಶೊಯರ್ ಅವರ ತಂಡ ಆ ವಿಷವನ್ನು ಬೇರ್ಪಡಿಸಿ, ಓಹು ದ್ವೀಪದ ಪುಪುಕೆಯಾ ಎಂಬ ಊರಿನ ಹೆಸರು ಸೇರಿಸಿ ಐಸೊಸಯನೊಪುಪುಕೆಯನೇನ್ ಎಂದು ಕರೆಯಿತು. ಹೆಸರು ಬಾಯಿಗೆ ಬರದಿದ್ದರೆ ಚಿಂತೆಯಿಲ್ಲ. ಇಷ್ಟು ನೆನಪಿಡಿ: ಅದೇ ವಸ್ತು ಈ ಹುಳು ತಿನ್ನುವ ಸ್ಪಂಜಿನಲ್ಲೂ ಸಿಕ್ಕಿತು. ಸ್ಪಂಜು ಕೂತಲ್ಲಿಂದ ಕದಲಲಾರದ ಪ್ರಾಣಿ. ವಿಷವೇ ಅದರ ಕಾವಲು. ಹುಳು ಆ ಕಾವಲನ್ನೇ ತಿಂದು, ಮೈಯಲ್ಲಿ ಕೂಡಿಟ್ಟು, ತನ್ನದಾಗಿಸಿಕೊಳ್ಳುತ್ತದೆ.

ಕೂಡಿಡುವುದರಲ್ಲೂ ಜಾಣತನವಿದೆ. ಕ್ರೊಮೊಡೋರಿಸ್ ಕುಲದ ಹುಳುಗಳ ಮೈ ಸುತ್ತ ಸೀರೆಯಂಚಿನಂತೆ ಒಂದು ಪಟ್ಟಿ ಇರುತ್ತದೆ. ಐದು ಜಾತಿಗಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆ ಅಂಚಿನಲ್ಲಿ ಲ್ಯಾಟ್ರಂಕ್ಯುಲಿನ್-ಎ ಎಂಬ ಒಂದೇ ವಿಷ ಕಂಡಿತು. ಊಟದಿಂದ ಬಂದ ಬೇರೆ ರಾಸಾಯನಿಕಗಳು ಒಳಮೈಯಲ್ಲಿದ್ದವು. ಜೀವಕೋಶದ ಒಳಹಂದರವನ್ನೇ ಕೆಡಿಸುವ ಇಂಥ ವಸ್ತು ನಾಜೂಕಾದ ಅಂಗಗಳಿಂದ ದೂರ, ಮೀನಿನ ಬಾಯಿಗೆ ಹತ್ತಿರ ಇರುವುದು ಎರಡು ರೀತಿಯಲ್ಲೂ ಲಾಭ.

ಎಲ್ಲವೂ ಕಡ ತಂದದ್ದೇ ಎನ್ನುವಂತಿಲ್ಲ. ಡೆಂಡ್ರೊಡೋರಿಸ್ ಹುಳುಗಳು ಪಾಲಿಗೋಡಿಯಲ್ ಎಂಬ ಖಾರದ ವಸ್ತುವನ್ನು ತಾವೇ ತಯಾರಿಸುತ್ತವೆ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಡೊಲಬೆಲ್ಲಾ ಆರಿಕ್ಯುಲೇರಿಯಾದ ಕಥೆ. ಇದು ಸೀ ಹೇರ್ ಎಂಬ ಗುಂಪಿನ, ಪಾಚಿ ಮೇಯುವ ದಪ್ಪ ಹುಳು. ಹಿಂದೂ ಮಹಾಸಾಗರದ ಮಾರಿಷಸ್ ಬಳಿ ಹಿಡಿದ ಹುಳುಗಳಿಂದ ಅಮೆರಿಕದ ಜಾರ್ಜ್ ರಾಬರ್ಟ್ ಪೆಟ್ಟಿಟ್ ಅವರ ತಂಡ ಡೊಲಸ್ಟಾಟಿನ್-10 ಎಂಬ ವಸ್ತುವನ್ನು ತೆಗೆಯಿತು. ರಾಶಿ ಹುಳುಗಳಿಂದ ಕೈಗೆ ಸಿಕ್ಕದ್ದು ಮಿಲಿಗ್ರಾಂ ಲೆಕ್ಕದಲ್ಲಿ. ಅಣುರಚನೆ ಪ್ರಕಟವಾದದ್ದು 1987ರಲ್ಲಿ. ಕೋಶ ಒಡೆದು ಎರಡಾಗುವುದನ್ನು ಅದು ತಡೆಯುತ್ತದೆ, ಹಾಗಾಗಿ ಕ್ಯಾನ್ಸರ್ ವೈದ್ಯರ ಕಣ್ಣು ಅದರ ಮೇಲೆ ಬಿತ್ತು. 2001ರಲ್ಲಿ ಅದೇ ವಸ್ತು ಪಲಾವು ದ್ವೀಪಗಳ ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಯಲ್ಲಿ ನೇರವಾಗಿ ಸಿಕ್ಕಿತು. ಹುಳು ಅದನ್ನೂ ಮೇವಿನ ಜೊತೆ ಪಡೆದಿತ್ತೆಂದೇ ಹೇಳಬೇಕು. ಡೊಲಸ್ಟಾಟಿನ್ ತಾನಾಗಿ ಔಷಧವಾಗಲಿಲ್ಲ. ಅದನ್ನು ಹೋಲುವಂತೆ ತಯಾರಿಸಿದ ಅಣುವೊಂದನ್ನು ಪ್ರತಿಕಾಯಕ್ಕೆ ಜೋಡಿಸಿದ ಬ್ರೆಂಟುಕ್ಸಿಮ್ಯಾಬ್ ವೆಡೋಟಿನ್‌ಗೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇಂದು ಹಾಡ್ಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರಿನ ರೋಗಿಗಳಿಗೆ ಕೊಡುವ ಈ ಔಷಧದ ಅಣು ಪ್ರಯೋಗಾಲಯದಲ್ಲೇ ತಯಾರಾಗುತ್ತದೆ. ಅದಕ್ಕಾಗಿ ಕಡಲಿನಿಂದ ಒಂದು ಹುಳುವನ್ನೂ ಹಿಡಿಯಬೇಕಿಲ್ಲ.