ಓಟಕ್ಕೆ ಹೆಸರು ಕೊಟ್ಟ ಮೇಲೆ

ಬೆಂಗಳೂರಿನ ವರ್ಲ್ಡ್ 10ಕೆ ಓಟ 2008ರಲ್ಲಿ ಶುರುವಾಯಿತು. ಸೇವಾಸಂಸ್ಥೆಗಳಿಗೆ ಹಣ ಕೂಡಿಸುತ್ತಾ ಓಡುವವರಿಗೂ ಅಲ್ಲಿ ಜಾಗವಿದೆ. ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯಿಂದ ಹೋಗಿ ಸೇರಿಕೊಳ್ಳುವ ನಿಮ್ಮ ಉತ್ಸಾಹ ಕಂಡರೆ ನನಗೆ ಸಂತೋಷ.

ಆದರೆ ಒಂದು ಮಾತು ಕೇಳಿ. ವರ್ಷವೆಲ್ಲ ಕೂತಿದ್ದು, ಕೊನೆಯ ವಾರ ಕೆರೆ ಏರಿಯ ಮೇಲೆ ಎದ್ದೆನೋ ಬಿದ್ದೆನೋ ಎಂದು ಓಡಬೇಡಿ. ಉಸಿರಾಟ ಬೇಗ ಹೊಂದಿಕೊಳ್ಳುತ್ತದೆ. ಮಂಡಿ, ಹಿಮ್ಮಡಿ ಗಟ್ಟಿಯಾಗಲು ಹೆಚ್ಚು ದಿನ ಬೇಕು. ಉಸಿರಿನ ಮಾತು ನಂಬಿ ದೂರ ಹೆಚ್ಚಿಸಿದವರಿಗೇ ಕಾಲುನೋವು. ಎರಡು ತಿಂಗಳು ಮುಂಚೆಯೇ ವಾರಕ್ಕೆ ಮೂರು ದಿನ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಶುರುಮಾಡಿ. ಜೊತೆಯವರ ಹತ್ತಿರ ಮಾತಾಡಲು ಆಗುತ್ತಿಲ್ಲವೆಂದರೆ ವೇಗ ಹೆಚ್ಚಾಯಿತೆಂದೇ ಅರ್ಥ.

ದೇವನಹಳ್ಳಿ, ನೆಲಮಂಗಲದ ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆ ಬೇಡ. ಶಾಲೆಯ ಮೈದಾನ ಒಳ್ಳೆಯದು. ರಸ್ತೆಯೇ ಗತಿಯಾದರೆ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ ಓಡಿ. ನಸುಕಿನಲ್ಲಿ ತಿಳಿಬಣ್ಣದ ಅಂಗಿ ಇರಲಿ.

ಹೊಸ ಶೂ ಓಟದ ದಿನವೇ ಹಾಕಬೇಡಿ. ಹಿಮ್ಮಡಿಯ ಬೊಬ್ಬೆ ಒಡೆದು, ಸಾಕ್ಸ್ ಗಾಯಕ್ಕೆ ಅಂಟಿಕೊಂಡು, ಹುಡುಗನೊಬ್ಬ ಶೂ ಕೈಯಲ್ಲಿ ಹಿಡಿದು ಕುಂಟುತ್ತಾ ಬಂದದ್ದನ್ನು ನೋಡಿದ್ದೇನೆ. ಪಾಪ, ಎರಡು ವಾರ ಮೊದಲೇ ಹಾಕಿ ಪಳಗಿಸಬಹುದಿತ್ತು.

ಹೊಟ್ಟೆ ತುಂಬ ತಿಂದು ಹೋಗಬೇಡಿ, ಬಾಳೆಹಣ್ಣು ಸಾಕು. ಬಿಪಿ, ಸಕ್ಕರೆ ಕಾಯಿಲೆ ಇರುವವರು ಅಭ್ಯಾಸಕ್ಕೆ ಮೊದಲೇ ಡಾಕ್ಟರನ್ನು ಕೇಳಿ. ಓಡುವಾಗ ಎದೆ ಹಿಡಿದಂತಾದರೆ ಅಲ್ಲೇ ನಿಂತು ಯಾರನ್ನಾದರೂ ಕರೆಯಿರಿ.