ಕೋಳಿ ಬಿಡುವ ಮೊದಲು

ಹಿತ್ತಿಲಲ್ಲಿ ನಾಲ್ಕು ನಾಟಿಕೋಳಿ ಬಿಡುತ್ತೀಯಂತೆ, ಒಳ್ಳೆಯದು ಮಗಾ. ಆದರೆ ನಮ್ಮ ಮಲೆನಾಡಲ್ಲಿ ಕೋಳಿಯ ಮೇಲೆ ಕಣ್ಣಿಟ್ಟವರು ನಾವಷ್ಟೇ ಅಲ್ಲ. ಅವರನ್ನೆಲ್ಲ ಹೊಡೆದು ಮುಗಿಸುವುದು ಆಗದ ಮಾತು. ಹೊತ್ತು ನೋಡಿ ಬಾಗಿಲು ಹಾಕುವುದು ಮಾತ್ರ ನಮ್ಮ ಕೈಯಲ್ಲಿದೆ.

ಕತ್ತಲಾದರೆ ಕೋಳಿಗೆ ಕಣ್ಣು ಕಾಣದು, ಕೂತಲ್ಲೇ ಕೂತಿರುತ್ತದೆ. ಪುನುಗು, ಕಾಡುಬೆಕ್ಕು, ನರಿ ಬರುವುದೂ ಅದೇ ಹೊತ್ತಿಗೆ. ಗೂಡು ಸೇರಿಸಲು ಅಟ್ಟಾಡಿಸಬೇಡ. ದಿನಾ ಹೊತ್ತು ಮುಳುಗುವ ಮುಂಚೆ ಗೂಡಿನೊಳಗೇ ಒಂದು ಹಿಡಿ ನುಚ್ಚು ಹಾಕಿ, ಒಂದೇ ದನಿಯಲ್ಲಿ ಕರೆ. ರೂಢಿಯಾದ ಮೇಲೆ ತಾವೇ ಬರುತ್ತವೆ. ಎಣಿಸಿ ಬಾಗಿಲು ಹಾಕು. ಒಂದು ಹೇಂಟೆ ಕಡಿಮೆಯಿದ್ದರೆ ಆಗಲೇ ಹುಡುಕು. ಯಾವುದೋ ಪೊದೆಯಲ್ಲಿ ಕದ್ದು ಕಾವು ಕೂತಿರಬಹುದು. ಮರಿಯಾಗಲು 21 ದಿನ ಬೇಕು, ಅಷ್ಟು ರಾತ್ರಿ ಹೊರಗೆ ಉಳಿದೀತೆಂದು ನಂಬಬೇಡ. ಮೊಟ್ಟೆ ಸಮೇತ ಬುಟ್ಟಿಯಲ್ಲಿಟ್ಟು ಒಳಗೆ ತಾ.

ಪೇಟೆಯಲ್ಲಿ ಸಿಗುವ ತೆಳು ಕೋಳಿಜಾಲರಿ ಕೋಳಿಯನ್ನು ತಡೆಯುತ್ತದೆ, ನಾಯಿಯನ್ನಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಹಾಕಿಸು. ಬುಡದಲ್ಲಿ ಒಂದಡಿ ಮೆಶ್ಶನ್ನು ಹೊರಕ್ಕೆ ಮಡಚಿ, ನೆಲಕ್ಕೆ ಹಾಸಿ, ಮೇಲೆ ಕಲ್ಲು ಹೇರು. ಬುಡ ಕೆರೆಯಲು ಬಂದದ್ದಕ್ಕೆ ತಂತಿಯೇ ಸಿಗಲಿ. ಬಾಗಿಲಿಗೆ ಹಗ್ಗ ಕಟ್ಟಬೇಡ, ಚಿಲಕ ಹಾಕಿಸು. ಮೊಟ್ಟೆಯನ್ನು ಅಂದಂದೇ ತೆಗೆ, ಚೆಲ್ಲಿದ ಕಾಳು ಗುಡಿಸು. ಕಾಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು.

ಹಗಲಿನ ಕಾಟ ಬೇರೆ. ಮುಂಗುಸಿ ಬೇಲಿಸಂದಿಯಿಂದ ನುಗ್ಗುತ್ತದೆ. ಹದ್ದು, ಗಿಡುಗ, ಕಾಗೆ, ಕೆಂಬೂತ ಮರಿಗೆ ಕಾದಿರುತ್ತವೆ. ಮರಿಗಳು ಒಂದೆರಡು ತಿಂಗಳಾಗುವವರೆಗೆ ಬುಟ್ಟಿಯಡಿಯೋ ಬಲೆಯಡಿಯೋ ಇರಲಿ. ದೊಡ್ಡ ಕೋಳಿಗಳಿಗೂ ಓಡಿ ಅವಿತುಕೊಳ್ಳಲು ದಾಸವಾಳದ ಪೊದೆ, ಬಾಳೆಬುಡ ಬೇಕು. ಹಿತ್ತಿಲನ್ನು ಬೋಳು ಮಾಡಬೇಡ. ಒಂದು ಒಳ್ಳೆಯ ಹುಂಜವನ್ನೂ ಇಟ್ಟುಕೋ. ನೆಲದಲ್ಲಿ ನಾಯಿಯೋ ಮುಂಗುಸಿಯೋ ಕಂಡರೆ ಅದು ಕೊಕ್ಕೊಕ್ಕೋ ಎಂದು ಗದ್ದಲವೆಬ್ಬಿಸುತ್ತದೆ. ಹದ್ದು ಕಂಡರೆ ಕತ್ತು ಓರೆ ಮಾಡಿ, ಒಂದು ಕಣ್ಣು ಆಕಾಶಕ್ಕಿಟ್ಟು, ಸಣ್ಣಗೆ ಉದ್ದಕ್ಕೆ ದನಿ ಎಳೆಯುತ್ತದೆ. ಆ ಎರಡು ಕೂಗು ನಿನ್ನ ಕಿವಿಗೂ ಹತ್ತಲಿ. ಹೆಬ್ಬಾಳದ ಗಿರಿರಾಜ ತಳಿಯ ಕೋಳಿ ತರುವುದಾದರೆ ನೆನಪಿಡು, ಅದರ ಮೈ ಭಾರ. ನಾಟಿಯಂತೆ ಹಾರಿ ಮರ ಹತ್ತಿ ಪಾರಾಗದು.

ಕೋಳಿ ಹೋದರೆ ಗುರುತು ಓದು. ನಾಲ್ಕೈದನ್ನು ಕಚ್ಚಿ ತಿನ್ನದೆ ಬಿಸಾಡಿದ್ದರೆ ಹೆಚ್ಚಾಗಿ ನಾಯಿ. ಒಂದು ಪುಕ್ಕವೂ ಬೀಳದೆ ಮರಿ ಮಾಯವಾದರೆ ಮೇಲಿನವರ ಮೇಲೆ ಅನುಮಾನಪಡು. ಸಿಟ್ಟಿಗೆ ವಿಷ ಮಾತ್ರ ಇಡಬೇಡ. ಅದನ್ನು ಪಕ್ಕದ ಮನೆಯ ನಾಯಿಯೂ ತಿಂದೀತು. ಪುನುಗು, ಮುಂಗುಸಿಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ.

ಮದುವೆ, ಜಾತ್ರೆ ಎಂದು ಹೊರಟು ಕತ್ತಲಾಗುವುದರೊಳಗೆ ಬರಲಾಗದ ದಿನ ಗೂಡು ತೆಗೆಯಲೇಬೇಡ. ಕಾಳು, ನೀರು ಒಳಗಿಟ್ಟು ಹೋಗು. ಒಂದು ದಿನ ಮೇಯದಿದ್ದರೆ ಕೋಳಿ ಸಾಯದು.