ಫಾರ್ಮ್ಯಾಟ್‌ಗೆ ಅವಸರ ಬೇಡ

ಹಿಂಜವಡಿಯಲ್ಲಿ ನೌಕರಿ ಸಿಕ್ಕಿತೆಂದು ಬೆಳಗಾವಿ, ಹುಬ್ಬಳ್ಳಿ, ಕಲಬುರಗಿಯಿಂದ ಪುಣೆಗೆ ಬಂದಿಳಿಯುವ ಮಕ್ಕಳೇ, ಲ್ಯಾಪ್‌ಟಾಪ್ ಕಪ್ಪು ಪರದೆ ತೋರಿಸಿತೆಂದು ಆ ಕ್ಷಣವೇ ಬುಧವಾರ ಪೇಟೆಯ ತಪಕೀರ್ ಗಲ್ಲಿಗೆ ಓಡಬೇಡಿ. ಕೆಲಸ ಬಲ್ಲವರು ಅಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಗಿರಾಕಿಗಳು ಸಾಲುಗಟ್ಟಿರುವಾಗ ಯಾರ ಬಾಯಲ್ಲೂ ಸುಲಭವಾಗಿ ಬರುವ ಮಾತು, "ಫಾರ್ಮ್ಯಾಟ್ ಮಾಡಿಬಿಡೋಣ". ನೀವು ಹೂಂ ಎಂದಿರೋ, ಅಪ್ಪನ ಷಷ್ಟ್ಯಬ್ದಿಯ ಫೋಟೊಗಳೂ ಹೋದವು.

ಬೂಟ್ ಆಗದ ಯಂತ್ರದಲ್ಲಿ ಬಹಳ ಸಲ ಕಡತಗಳಿಗೆ ಏನೂ ಆಗಿರುವುದಿಲ್ಲ. ಮೊದಲು ಎಲ್ಲಿಗೆ ಬಂದು ನಿಂತಿದೆ ನೋಡಿ. ಕಂಪನಿಯ ಲೋಗೊವೇ ಮೂಡದಿದ್ದರೆ ತೊಂದರೆ ಹೆಚ್ಚಾಗಿ ಹಾರ್ಡ್‌ವೇರ್‌ನದು. 'ಗ್ರಬ್ ರೆಸ್ಕ್ಯೂ' ಎಂದು ನಿಂತರೆ ಬೂಟ್‌ಲೋಡರ್‌ಗೆ ತನ್ನ ಕಡತಗಳು ಸಿಕ್ಕಿಲ್ಲ. ಲಿನಕ್ಸ್ ನೇರ ಎಮರ್ಜೆನ್ಸಿ ಮೋಡ್‌ಗೆ ಬಿದ್ದರೆ ಮೌಂಟ್ ಮಾಡಬೇಕಾದ ಡಿಸ್ಕುಗಳ ಪಟ್ಟಿಯಿರುವ 'ಎಫ್‌ಎಸ್‌ಟ್ಯಾಬ್' ಕಡತ ತೆರೆದು ನೋಡಿ. ತೆಗೆದುಹಾಕಿದ ಡಿಸ್ಕಿನ ಹೆಸರು ಇನ್ನೂ ಅಲ್ಲೇ ಉಳಿದಿರಬಹುದು. ಆ ಒಂದು ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿದರೆ ಕೆಲಸ ಮುಗಿಯಿತು. ಪರದೆಯ ಮೇಲಿನ ದೋಷಸಂದೇಶವನ್ನು ಓದದೆ ಗುಂಡಿ ಒತ್ತುವ ಚಾಳಿ ನಿಮ್ಮ ಪೀಳಿಗೆಗೆ ತುಸು ಹೆಚ್ಚೇ. ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಳ್ಳಿ, ಆಮೇಲೆ ಕೈಹಾಕಿ.

2024ರ ಜುಲೈ 19 ನೆನಪಿದೆಯೇ? ಸೈಬರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ದೋಷಪೂರ್ಣ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಂದು ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಪರಿಹಾರವೇನೋ ಸಣ್ಣದು: ಸೇಫ್ ಮೋಡ್‌ಗೆ ಹೋಗಿ ಒಂದು ಕಡತ ಅಳಿಸುವುದು. ಆದರೆ ಡಿಸ್ಕನ್ನು ಗೂಢಲಿಪೀಕರಿಸುವ ವಿಂಡೋಸ್‌ನ ಬಿಟ್‌ಲಾಕರ್ ಬೀಗ ಹಾಕಿದ ಯಂತ್ರಗಳು 48 ಅಂಕಿಗಳ ರಿಕವರಿ ಕೀ ಕೇಳಿದವು. ಕೀ ಕೈಯಲ್ಲಿಲ್ಲದವರು ದುರಸ್ತಿ ಗೊತ್ತಿದ್ದೂ ಬೀಗದ ಹೊರಗೇ ನಿಲ್ಲಬೇಕಾಯಿತು. ನಿಮ್ಮ ಸ್ವಂತ ಲ್ಯಾಪ್‌ಟಾಪಿಗೂ ಈ ಬೀಗ ಬಿದ್ದಿರಬಹುದು, ನಿಮಗೆ ತಿಳಿಯದೆಯೇ.

ಅದಕ್ಕೇ ಹೇಳುವುದು, ಬೀಗವಿದ್ದರೆ ಕೀ ಕೈಯಲ್ಲಿಟ್ಟುಕೊಂಡು ಮೊದಲು ಕಡತ ಹೊರತೆಗೆಯಿರಿ, ರಿಪೇರಿ ಆಮೇಲೆ. ಲಿನಕ್ಸನ್ನು ನೇರವಾಗಿ ಓಡಿಸುವ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಒಳಗಿನ ಡಿಸ್ಕನ್ನು ಓದಲು ಮಾತ್ರ ಬರುವಂತೆ ಮೌಂಟ್ ಮಾಡಿ, ಬೇಕಾದ್ದನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಹಳೆಯ ಹಾರ್ಡ್‌ಡಿಸ್ಕು ಟಕ್ ಟಕ್ ಎನ್ನುತ್ತಿದ್ದರೆ ಮಾತ್ರ ಏನನ್ನೂ ಓಡಿಸಬೇಡಿ, ಚೆಕ್‌ಡಿಸ್ಕ್ ಕೂಡ ಬೇಡ. ಯಂತ್ರ ಆರಿಸಿ, ಡೇಟಾ ರಿಕವರಿ ಬಲ್ಲವರಿಗೆ ಕೊಡಿ. ಇನ್ನು ಆಫೀಸಿನ ಲ್ಯಾಪ್‌ಟಾಪ್ ಆದರೆ ನಿಮ್ಮ ಜಾಣತನ ಬೇಡವೇ ಬೇಡ, ಐಟಿಯವರಿಗೆ ಒಪ್ಪಿಸಿ.

ಯಂತ್ರ ಸರಿಯಿರುವಾಗಲೇ ಎರಡು ಕೆಲಸ ಮಾಡಿಟ್ಟುಕೊಳ್ಳಿ. ಒಂದು ಲೈವ್ ಪೆನ್‌ಡ್ರೈವ್ ತಯಾರಿಸಿ, ಅದರಿಂದ ಬೂಟ್ ಆಗುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿ. ಮೈಕ್ರೋಸಾಫ್ಟ್ ಖಾತೆಯಲ್ಲಿರುವ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಆ ಕಾಗದವನ್ನು ದಯವಿಟ್ಟು ಲ್ಯಾಪ್‌ಟಾಪ್ ಚೀಲದಲ್ಲೇ ಇಡಬೇಡಿ.